ದೇವಾಲಯದ ಅಂಗಳದಲ್ಲಿ ಅಸ್ಥಿಭಸ್ಮಕ್ಕೊಂದು ಸ್ಮರಣ ತೋಟ: ಮೈಸೂರು, ಮಂಡ್ಯದವರ ಅಭಿಪ್ರಾಯಕ್ಕಾಗಿ

ಮಂಡ್ಯ ಧರ್ಮಕೇಂದ್ರದ ಸದಸ್ಯ

ಎಲ್ಲರಿಗೂ ವಂದನೆಗಳು. ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಸಮಿತಿಯ ಮುಂದೆ ಒಂದು ಪ್ರಸ್ತಾವವನ್ನು ಇಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಈ ಭಾಗದ ಕ್ರೈಸ್ತ ಬಂಧುಗಳ ಅಭಿಪ್ರಾಯ ತಿಳಿಯುವುದು ಅಗತ್ಯವೆನಿಸಿತು. ನಮ್ಮ ದೇವಾಲಯದ, ಎಂದರೆ ಚರ್ಚಿನ, ಹಿಂಬದಿಯ ಸಮಾಧಿ ಭೂಮಿಯಲ್ಲಿ, ಕಾಂಪೌಂಡ್ ಗೋಡೆಗೆ ಹೊಂದಿಕೊಂಡಂತೆ, ಇಪ್ಪತ್ತು ಅಡಿ ಅಗಲ ಮೂವತ್ತು ಅಡಿ ಉದ್ದದ ಒಂದು ತುಂಡು ಜಾಗವಿದೆ. ಮಳೆಗಾಲದಲ್ಲಿ ಅಲ್ಲಿ ಆರು ಅಡಿ ಗುಂಡಿ ತೋಡಿದರೆ ತಳದಲ್ಲಿ ನೀರು ಒಸರುತ್ತದೆ. ನಾಲೆಯ ಬಯಲಿನ ಊರುಗಳಲ್ಲಿ ಇದು ಹೊಸ ವಿಷಯವಲ್ಲ. ಹೀಗಾಗಿ ಅಲ್ಲಿ ಸಮಾಧಿ ಮಾಡಲು ಯಾರೂ ಒಪ್ಪುವುದಿಲ್ಲ. ಆ ಜಾಗವನ್ನು ದಹನವಾದವರ ಅಸ್ಥಿ ಮತ್ತು ಭಸ್ಮವನ್ನು ಮಣ್ಣಿಗೆ ಸೇರಿಸುವ ಸ್ಮರಣ ತೋಟವನ್ನಾಗಿ ಮಾಡಬಹುದೇ ಎಂಬುದು ನನ್ನ ಪ್ರಶ್ನೆ.

ಕಾರಣವನ್ನೂ ಹೇಳಬೇಕು. ಕೊರೊನಾದ ಎರಡನೇ ಅಲೆಯ ಸಮಯದಲ್ಲಿ, 2021ರಲ್ಲಿ, ನಮ್ಮವರಲ್ಲಿ ಕೆಲವರಿಗೆ ದಹನವೇ ಅನಿವಾರ್ಯವಾಯಿತು. ಅವರ ಅಸ್ಥಿಯ ಕುಡಿಕೆಗಳು ಕೆಲವು ಮನೆಗಳಲ್ಲಿ ಇಂದಿಗೂ ದೇವರ ಪೀಠದ ಪಕ್ಕದಲ್ಲೋ ಬೀರುವಿನೊಳಗೋ ಇವೆ. ಏನು ಮಾಡಬೇಕೆಂದು ಆ ಮನೆಯವರಿಗೆ ಯಾರೂ ಹೇಳಲಿಲ್ಲ. ಅದಲ್ಲದೆ ಈಗ ಸ್ವಇಚ್ಛೆಯಿಂದ ದಹನವನ್ನು ಬಯಸುವವರೂ ನಮ್ಮಲ್ಲಿದ್ದಾರೆ. ಅವರಿಗೆ ಅನುಮತಿ ಕೊಟ್ಟ ಮೇಲೆ ಸ್ಥಳವನ್ನೂ ಕೊಡಬೇಕಾದದ್ದು ಕ್ರೈಸ್ತ ಸಭೆಯ ಕರ್ತವ್ಯವೆಂದು ನಾನು ನಂಬಿದ್ದೇನೆ.

ಗಂಜಾಂ ಹಿರಿಯ

ತಮ್ಮ ಕಾಳಜಿಯನ್ನು ಗೌರವಿಸುತ್ತಲೇ ನನ್ನ ವಿರೋಧವನ್ನು ದಾಖಲಿಸುತ್ತೇನೆ. ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರ ಕಾಲದಿಂದ ಇಲ್ಲಿರುವ ಕುಟುಂಬ ನಮ್ಮದು. ಟಿಪ್ಪು ಸುಲ್ತಾನರ ಪತನದ ನಂತರ ಚದುರಿಹೋಗಿದ್ದ ಜನರನ್ನು ಆ ಗುರುಗಳು ಮತ್ತೆ ಒಗ್ಗೂಡಿಸಿದಾಗ ಪೂಜೆಗೆ ದೇವಾಲಯ ಎಷ್ಟು ಮುಖ್ಯವಾಗಿತ್ತೋ, ಸತ್ತವರನ್ನು ಮಲಗಿಸಲು ಒಂದು ತುಂಡು ಭೂಮಿಯೂ ಅಷ್ಟೇ ಮುಖ್ಯವಾಗಿತ್ತು. ನಮ್ಮ ಪ್ರಭುವನ್ನು ಸಮಾಧಿಯಲ್ಲಿಟ್ಟರು. ಆ ಸಮಾಧಿಯಿಂದಲೇ ಅವರು ಎದ್ದರು. ನಾವು ಶವವನ್ನು ಮಣ್ಣಿಗೆ ಒಪ್ಪಿಸುವುದು ಆ ನಂಬಿಕೆಯ ಸಾಕ್ಷಿಯಾಗಿ. ಮಂಡ್ಯ ಜಿಲ್ಲೆಯಲ್ಲಿ ಲಿಂಗಾಯತರೂ ಹೂಳುತ್ತಾರೆ, ಇನ್ನೂ ಹಲವು ಸಮುದಾಯಗಳಲ್ಲಿ ಹೂಳುವ ಪದ್ಧತಿಯಿದೆ. ಯಾರೂ ಅವರಿಗೆ ಜಾಗವಿಲ್ಲ, ಸುಟ್ಟುಬಿಡಿ ಎಂದು ಹೇಳುತ್ತಿಲ್ಲ. ನಾವೇಕೆ ನಾವಾಗಿಯೇ ಬಿಟ್ಟುಕೊಡಬೇಕು?

ನನ್ನ ನಿಜವಾದ ಆತಂಕ ಬೇರೆಯಿದೆ. ಇಂದು ತೋಟವೆನ್ನುತ್ತೀರಿ. ನಾಳೆ ಬಡ ಕುಟುಂಬವೊಂದು ಸಮಾಧಿಗೆ ಜಾಗ ಕೇಳಿಕೊಂಡು ಬಂದಾಗ, "ದಹನ ಮಾಡಿಸಿ, ತೋಟದಲ್ಲಿ ಜಾಗವಿದೆ" ಎಂದು ಹೇಳುವ ಸಮಿತಿ ಬರುವುದಿಲ್ಲವೆಂದು ಯಾರು ಭರವಸೆ ಕೊಡುತ್ತೀರಿ? ಹಣವಿದ್ದವರಿಗೆ ಗ್ರಾನೈಟ್ ಕಟ್ಟೆಯ ಕುಟುಂಬ ಸಮಾಧಿ, ಇಲ್ಲದವರಿಗೆ ಮೂಲೆಯ ಒಂದು ಗುಂಡಿ ಎಂದಾದರೆ ಅದು ಸಭೆಯ ಮೇಲೆ ಕಳಂಕ.

ನಜರ್‌ಬಾದ್ ಉಪದೇಶಿ

ಹಿರಿಯರೇ, ಪವಿತ್ರ ಕಥೋಲಿಕ ಸಭೆಯ ನಿಲುವನ್ನು ಕ್ರಮವಾಗಿ ಹೇಳುತ್ತೇನೆ, ಚರ್ಚೆಗೆ ಆಧಾರವಾಗಬಹುದು. 1886ರಲ್ಲಿ ರೋಮ್ ದಹನವನ್ನು ನಿಷೇಧಿಸಿತು. ಆ ಕಾಲದ ಯುರೋಪಿನಲ್ಲಿ ಪುನರುತ್ಥಾನವನ್ನು ನಿರಾಕರಿಸುವ ಘೋಷಣೆಯಾಗಿಯೇ ದಹನವನ್ನು ಆಯ್ದುಕೊಳ್ಳುವ ಗುಂಪುಗಳಿದ್ದುದು ಅದರ ಹಿನ್ನೆಲೆ. 1963ರಲ್ಲಿ ನಿಷೇಧವನ್ನು ಸಡಿಲಿಸಲಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1176ನೆಯ ವಿಧಿಯು ಸಮಾಧಿ ಮಾಡುವ ಭಕ್ತಿಯ ಪದ್ಧತಿಯನ್ನು ಉಳಿಸಿಕೊಳ್ಳಬೇಕೆಂದು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತದೆ. ಆದರೆ ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕಾಗಿ ಆಯ್ದುಕೊಂಡದ್ದಲ್ಲದಿದ್ದರೆ ದಹನವನ್ನು ನಿಷೇಧಿಸುವುದಿಲ್ಲ. ಆದ್ದರಿಂದ ತಮ್ಮ ಆದ್ಯತೆಯೂ ಸಭೆಯ ಆದ್ಯತೆಯೂ ಒಂದೇ.

ಆದರೆ ದಹನವಾದ ನಂತರ ಏನೆಂಬ ಪ್ರಶ್ನೆಗೆ 2016ರ ಅಕ್ಟೋಬರ್‌ನಲ್ಲಿ ಪ್ರಕಟವಾದ ವ್ಯಾಟಿಕನ್ ನಿರ್ದೇಶನ ಸ್ಪಷ್ಟ ಉತ್ತರ ಕೊಟ್ಟಿದೆ. ಭಸ್ಮವನ್ನು ಪವಿತ್ರ ಸ್ಥಳದಲ್ಲಿ, ಎಂದರೆ ಸಮಾಧಿ ಭೂಮಿಯಲ್ಲಿ, ದೇವಾಲಯದಲ್ಲಿ ಅಥವಾ ಇದಕ್ಕೆಂದೇ ಮೀಸಲಿಟ್ಟು ಪವಿತ್ರೀಕರಿಸಿದ ಜಾಗದಲ್ಲಿ ಇರಿಸಬೇಕು. ಮನೆಯಲ್ಲಿ ಇಟ್ಟುಕೊಳ್ಳಬಾರದು, ಕುಟುಂಬದವರು ಹಂಚಿಕೊಳ್ಳಬಾರದು, ಗಾಳಿಯಲ್ಲಾಗಲಿ ನೆಲದಲ್ಲಾಗಲಿ ನೀರಿನಲ್ಲಾಗಲಿ ಚೆಲ್ಲಬಾರದು. ಅಲ್ಲಿ ಕೊಟ್ಟಿರುವ ಕಾರಣ ಮನಸ್ಸಿಗೆ ನಾಟುವಂಥದು: ಮೊದಲ ತಲೆಮಾರು ಕಳೆದ ಮೇಲೆ ಮನೆಯಲ್ಲಿಟ್ಟ ಕುಡಿಕೆ ಯಾರದೆಂದು ಕೇಳುವವರಿರುವುದಿಲ್ಲ, ಸಭೆಯ ಪ್ರಾರ್ಥನೆಯಿಂದ ಆ ವ್ಯಕ್ತಿ ಹೊರಗುಳಿಯುತ್ತಾನೆ. 2023ರ ಡಿಸೆಂಬರ್‌ನಲ್ಲಿ ಬಂದ ಸ್ಪಷ್ಟೀಕರಣವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೀಕ್ಷಾಸ್ನಾನ ಪಡೆದವರ ಭಸ್ಮವನ್ನು ಒಂದೇ ಶಾಶ್ವತ ಪವಿತ್ರ ಸ್ಥಳದಲ್ಲಿ ಒಟ್ಟಾಗಿ ಇರಿಸಬಹುದು, ಆದರೆ ಪ್ರತಿಯೊಬ್ಬರ ಗುರುತೂ ದಾಖಲಾಗಿರಬೇಕು ಎಂದಿದೆ.

ದಹನಕ್ಕೆ ಅನುಮತಿಯಿದ್ದು ಭಸ್ಮಕ್ಕೆ ಸ್ಥಳವಿಲ್ಲದಿದ್ದರೆ, ಪಾಲಿಸಲಾಗದ ನಿಯಮವನ್ನು ನಾವು ಜನರ ಮೇಲೆ ಹೊರಿಸಿದಂತಾಗುತ್ತದೆ. ಮೂಲ ಲೇಖಕರ ಪ್ರಸ್ತಾವವನ್ನು ನಾನು ಬೆಂಬಲಿಸುವುದು ಈ ಕಾರಣಕ್ಕೆ.

ತೋಟಗಾರಿಕೆಯಲ್ಲಿ ನಿವೃತ್ತ

ಮಣ್ಣಿನ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. "ಬೂದಿ ಗಿಡಕ್ಕೆ ಒಳ್ಳೆಯ ಗೊಬ್ಬರ" ಎಂಬ ಮಾತು ಒಲೆಯ ಸೌದೆ ಬೂದಿಗೆ ಸಂಬಂಧಿಸಿದ್ದು. ದಹನವಾದ ದೇಹದಿಂದ ಉಳಿಯುವುದು ಬಹುಪಾಲು ಮೂಳೆಯ ಖನಿಜ, ಎಂದರೆ ಕ್ಯಾಲ್ಸಿಯಂ ಫಾಸ್ಫೇಟ್. ವಯಸ್ಕರೊಬ್ಬರದು ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋ ತೂಗುತ್ತದೆ. ಅದರಲ್ಲಿ ಲವಣಾಂಶ ಹೆಚ್ಚು, ಕ್ಷಾರಗುಣವೂ ತೀವ್ರ. ಅದನ್ನು ಹಾಗೆಯೇ ಗಿಡದ ಬುಡಕ್ಕೆ ಸುರಿದರೆ ಬೇರು ಸುಟ್ಟು ಗಿಡ ಒಣಗುತ್ತದೆ. ತಂದೆಯ ಭಸ್ಮವನ್ನು ಹಾಕಿ ನೆಟ್ಟ ಗಿಡ ಕಣ್ಣೆದುರಿಗೇ ಸಾಯುವುದನ್ನು ನೋಡುವ ದುಃಖ ಯಾವ ಮಕ್ಕಳಿಗೂ ಬರಬಾರದು. ಆದ್ದರಿಂದ ಭಸ್ಮವನ್ನು ಅದರ ಹಲವು ಪಟ್ಟು ಕೆಂಪು ಮಣ್ಣು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ಎರಡು ಅಡಿ ಆಳದ ಕಿರಿದಾದ ಗುಂಡಿಯಲ್ಲಿ ಇಟ್ಟು, ಮೇಲೆ ಬರಿಯ ಮಣ್ಣು ಮುಚ್ಚಬೇಕು. ಗಿಡಗಳ ಸಾಲು ಬೇರೆಯಿರಲಿ, ಗುಂಡಿಗಳ ಸಾಲು ಬೇರೆಯಿರಲಿ.

ನೀರು ಒಸರುವ ಜಾಗವೆಂದು ತಾವು ಬರೆದಿದ್ದೀರಿ. ಆರು ಅಡಿಯಲ್ಲಿ ನೀರಿದ್ದರೂ ಎರಡು ಅಡಿಯಲ್ಲಿ ಇಲ್ಲದಿರಬಹುದು. ಆಶ್ವಯುಜದ ಮಳೆ ಮುಗಿಯುವ ಹೊತ್ತಿಗೆ ಒಂದು ಪರೀಕ್ಷಾ ಗುಂಡಿ ತೋಡಿ ನೋಡುವುದು ಒಳ್ಳೆಯದು. ಅಗತ್ಯವಿದ್ದರೆ ಆ ತುಂಡು ಜಾಗವನ್ನಷ್ಟೇ ಒಂದೂವರೆ ಅಡಿ ಮಣ್ಣು ತುಂಬಿಸಿ ಎತ್ತರಿಸಬಹುದು. ಆರೋಗ್ಯದ ಭಯ ಬೇಡ: ಆ ಶಾಖದಲ್ಲಿ ಯಾವ ರೋಗಾಣುವೂ ಉಳಿಯುವುದಿಲ್ಲ.

ಇನ್ನೊಂದು ಸಂಗತಿ. ವಿದೇಶಗಳಲ್ಲಿ ಮೂಳೆಯನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ನಮ್ಮಲ್ಲಿ ಸೌದೆಯ ಚಿತೆಯಾದರೂ ವಿದ್ಯುತ್ ಚಿತಾಗಾರವಾದರೂ ಕೈಗೆ ಸಿಗುವುದು ಮೂಳೆಯ ಚೂರುಗಳು. ಅವು ಮಣ್ಣಿನಲ್ಲಿ ಕರಗಲು ಬಹಳ ವರ್ಷಗಳು ಬೇಕು. ಹಾಗಾಗಿ ಒಮ್ಮೆ ಬಳಸಿದ ಗುಂಡಿಯನ್ನು ಮತ್ತೆ ತೋಡುವ ಯೋಚನೆ ಬೇಡ. ಕುಡಿಕೆಯೂ ಸುಟ್ಟ ಮಣ್ಣಿನದಾಗಿರಲಿ, ಅಥವಾ ಹತ್ತಿಯ ಬಟ್ಟೆಯ ಗಂಟಾಗಿರಲಿ. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಚೀಲಗಳನ್ನು ಒಳಗೆ ಬಿಡಲೇಬಾರದು. ಗಿಡಗಳಲ್ಲಿ ದೇವಕಣಗಿಲೆ ನನ್ನ ಮೊದಲ ಆಯ್ಕೆ: ನೀರು ಕಡಿಮೆ ಸಾಕು, ಬಡ ಮಣ್ಣನ್ನೂ ತಾಳಿಕೊಳ್ಳುತ್ತದೆ, ಬೇರು ಗೋಡೆಯನ್ನು ಸೀಳುವುದಿಲ್ಲ. ಅರಳಿ, ಆಲ, ಗುಲ್‌ಮೊಹರ್ ಬೇಡವೇ ಬೇಡ.

ಮಂಡ್ಯ ಧರ್ಮಕೇಂದ್ರದ ಸದಸ್ಯ

ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ತಮ್ಮ ಲೆಕ್ಕದ ಮೇಲೆ ನಾನೂ ಒಂದು ಲೆಕ್ಕ ಹಾಕಿದೆ. ಆರು ನೂರು ಚದರ ಅಡಿಯಲ್ಲಿ ಅರ್ಧವನ್ನು ದಾರಿ, ಗಿಡ ಮತ್ತು ಕಲ್ಲಿನ ಬೆಂಚುಗಳಿಗೆ ಬಿಟ್ಟರೆ ಮುನ್ನೂರು ಉಳಿಯುತ್ತದೆ. ಒಂದು ಗುಂಡಿಗೆ ಒಂದೂವರೆ ಅಡಿ ಚೌಕವೆಂದರೆ ನೂರ ಮೂವತ್ತಕ್ಕೂ ಹೆಚ್ಚು ಮಂದಿಗೆ ಸ್ಥಳವಾಗುತ್ತದೆ. ಅದೇ ಮುನ್ನೂರು ಅಡಿಯಲ್ಲಿ ಏಳು ಅಡಿ ಉದ್ದ ಮೂರು ಅಡಿ ಅಗಲದ ಸಮಾಧಿಗಳು ಹದಿನಾಲ್ಕಷ್ಟೇ ಆಗುತ್ತವೆ, ಅದೂ ನಡುವೆ ಕಾಲಿಡಲು ಜಾಗವಿಲ್ಲದಂತೆ.

ಗಂಜಾಂ ಹಿರಿಯರ ಆತಂಕಕ್ಕೆ ನನ್ನ ಉತ್ತರ: ಪ್ರಸ್ತಾವದ ಮೊದಲ ಸಾಲಿನಲ್ಲಿಯೇ "ಸಮಾಧಿಗೆ ಜಾಗ ಕೇಳುವವರಿಗೆ ತೋಟವನ್ನು ಪರ್ಯಾಯವಾಗಿ ಸೂಚಿಸತಕ್ಕದ್ದಲ್ಲ" ಎಂದು ಬರೆಯುತ್ತೇನೆ.

ಕೆ.ಆರ್. ನಗರದ ಮಗಳು

ನಾನು ದೋರನಹಳ್ಳಿಯ ಸಂತ ಅಂತೋಣಿಯವರ ಭಕ್ತರ ಮನೆಯವಳು. ನನ್ನ ಯಜಮಾನರು ಹಿಂದೂ ಧರ್ಮದವರಾಗಿದ್ದರು. ಅವರು ತೀರಿಕೊಂಡಾಗ ಅವರ ಮನೆತನದ ಸಂಪ್ರದಾಯದಂತೆ ದಹನವಾಗಿ, ಮೂರನೆಯ ದಿನ ಅಸ್ಥಿ ಆಯ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟರು. ಅದು ಅವರ ನಂಬಿಕೆಗೆ ತಕ್ಕದ್ದೇ ಆಗಿತ್ತು. ನನಗೆ ಅದರಲ್ಲಿ ಯಾವ ಬೇಸರವೂ ಇಲ್ಲ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲಿಯೇ ವಿಸರ್ಜಿಸಿದರು. ಇಂದಿಗೂ ಫೆಬ್ರವರಿ 12ರಂದು ಅಲ್ಲಿ ಸರ್ವೋದಯ ಮೇಳ ನಡೆಯುತ್ತದೆ.

ನನ್ನ ಕೋರಿಕೆ ನನಗಾಗಿ. ನಾನೂ ದಹನವನ್ನೇ ಬಯಸಿದ್ದೇನೆ, ಏಕೆಂದರೆ ನಮ್ಮಿಬ್ಬರ ದೇಹಗಳೂ ಒಂದೇ ರೀತಿಯಲ್ಲಿ ಮುಗಿಯಲಿ ಎಂಬ ಆಸೆ. ಆದರೆ ನನ್ನ ತಾಯಿ ತಂದೆಯರ ಸಮಾಧಿಯಿರುವ ದೇವಾಲಯದ ಮಣ್ಣಿನಲ್ಲೇ ನಾನು ಸೇರಬೇಕು. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಗುರುಗಳು ಸಮಾಧಿಗಳನ್ನು ಆಶೀರ್ವದಿಸುತ್ತಾ ಬರುವಾಗ ನನ್ನ ಮಕ್ಕಳು ಮೇಣದ ಬತ್ತಿ ಹಚ್ಚಿ ನಿಲ್ಲಲು ಒಂದು ಜಾಗವಿರಬೇಕು. ನದಿಗೆ ಹೋದವರಿಗೆ ಆ ದಿನ ನಿಲ್ಲಲು ಎಲ್ಲಿಯೂ ಜಾಗವಿಲ್ಲವೆಂಬುದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಅಂಥವರ ಹೆಸರನ್ನಾದರೂ, ಅವರು ಕ್ರೈಸ್ತರಲ್ಲದಿದ್ದರೂ, ಸಂಗಾತಿಯ ಹೆಸರಿನ ಜೊತೆಗೆ ಬರೆಯಲು ಸಾಧ್ಯವೇ?

ನಜರ್‌ಬಾದ್ ಉಪದೇಶಿ

ಅಮ್ಮ, ತಮ್ಮ ಭಸ್ಮಕ್ಕೆ ಸ್ಥಳ ಸಿಗುವುದರಲ್ಲಿ ನಿಯಮದ ಯಾವ ತೊಡಕೂ ಕಾಣುವುದಿಲ್ಲ. ಸಾಧ್ಯವಾದರೆ ದೇಹವನ್ನು ಮೊದಲು ದೇವಾಲಯಕ್ಕೆ ತಂದು ಬಲಿಪೂಜೆ (ಮಾಸ್) ಮುಗಿಸಿ, ಆನಂತರ ದಹನಕ್ಕೆ ಒಯ್ಯುವುದು ಸಭೆಯ ಅಪೇಕ್ಷೆ. ಇದನ್ನು ತಮ್ಮ ಮಕ್ಕಳಿಗೆ ಈಗಲೇ ತಿಳಿಸಿಡಿ, ಸಾವಿನ ಮನೆಯಲ್ಲಿ ಇಂಥ ವಿಷಯ ಚರ್ಚಿಸುವುದು ಕಷ್ಟ. ಯಜಮಾನರ ಹೆಸರಿನ ವಿಷಯವನ್ನು ಧರ್ಮಾಧ್ಯಕ್ಷರ (ಬಿಷಪ್) ಕಚೇರಿಯಲ್ಲಿ ಕೇಳಿಯೇ ತೀರ್ಮಾನಿಸಬೇಕು. ತಮ್ಮ ಹೆಸರಿನ ಮುಂದೆ "ಇಂಥವರ ಪತ್ನಿ" ಎಂದು ಬರೆಯುವುದಕ್ಕೆ ಯಾರೂ ಆಕ್ಷೇಪಿಸಲಾರರು ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಹಾಗೆ ಬರೆದರೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿರುವ ಮೈಸೂರಿಗ

ನಾನು ಮೈಸೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವನು, ಈಗ ಉತ್ತರ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿದ್ದೇನೆ. ಇಲ್ಲಿ ಆಧುನಿಕ ದಹನ 1885ರಲ್ಲಿ ವೋಕಿಂಗ್‌ನಲ್ಲಿ ಆರಂಭವಾಯಿತು. ಅದಕ್ಕೊಂದು ಪ್ರತ್ಯೇಕ ಕಾನೂನು ಬಂದದ್ದು 1902ರಲ್ಲಿ. ಚರ್ಚ್ ಆಫ್ ಇಂಗ್ಲೆಂಡಿನ ಪ್ರಧಾನ ಬಿಷಪ್ ಆಗಿದ್ದ ವಿಲಿಯಂ ಟೆಂಪಲ್ ಅವರೇ 1944ರಲ್ಲಿ ದಹನಗೊಂಡ ಮೇಲೆ ಭಕ್ತರ ಹಿಂಜರಿಕೆ ಇನ್ನಷ್ಟು ಕಡಿಮೆಯಾಯಿತು. ಈಗ ಹಳೆಯ ದೇವಾಲಯಗಳ ಅಂಗಳಗಳಲ್ಲಿ ಹೊಸ ಸಮಾಧಿಗೆ ಜಾಗವಿಲ್ಲದಿದ್ದರೂ ಭಸ್ಮಕ್ಕಾಗಿ ಒಂದು ಹುಲ್ಲುಹಾಸಿನ ಭಾಗವನ್ನು ಮೀಸಲಿಟ್ಟಿರುವುದನ್ನು ಎಲ್ಲೆಡೆ ನೋಡಬಹುದು.

ನಮ್ಮ ಸಮೀಪದ ದೇವಾಲಯದಲ್ಲಿ ಅನುಸರಿಸುವ ಕ್ರಮ ನನಗೆ ಬಹಳ ಹಿಡಿಸಿದೆ. ಹುಲ್ಲಿನ ಒಂದು ಚೌಕವನ್ನು ಕತ್ತರಿಸಿ ಎತ್ತಿಟ್ಟು, ಭಸ್ಮವನ್ನು ಪಾತ್ರೆಯಿಲ್ಲದೆ ನೇರವಾಗಿ ಮಣ್ಣಿಗೆ ಸುರಿದು, ಪಾದ್ರಿಗಳು ಪ್ರಾರ್ಥಿಸಿದ ಮೇಲೆ ಅದೇ ಹುಲ್ಲನ್ನು ಮತ್ತೆ ಮುಚ್ಚುತ್ತಾರೆ. ಒಬ್ಬೊಬ್ಬರಿಗೂ ಪ್ರತ್ಯೇಕ ಕಲ್ಲಿಲ್ಲ. ಗೋಡೆಯ ಮೇಲೆ ಎಲ್ಲರ ಹೆಸರುಗಳ ಒಂದೇ ಫಲಕ, ಒಳಗೆ ಒಂದು ದಾಖಲೆ ಪುಸ್ತಕ. ಪ್ಲಾಸ್ಟಿಕ್ ಹೂ, ಗಾಜಿನ ದೀಪ, ಫೋಟೊ, ಬೊಂಬೆಗಳಿಗೆ ಅವಕಾಶವಿಲ್ಲ. ಆರಂಭದಲ್ಲಿ ಈ ನಿಯಮ ಕಠಿಣವೆನಿಸುತ್ತದೆ. ನಿಯಮವಿಲ್ಲದ ತೋಟಗಳ ಸ್ಥಿತಿ ನೋಡಿದ ಮೇಲೆ ಅದರ ಅಗತ್ಯ ತಿಳಿಯಿತು: ಕೆಲವೇ ವರ್ಷಗಳಲ್ಲಿ ಅವು ಮಾಸಿದ ಹೂಗಳ, ಒಡೆದ ಗಾಜಿನ ರಾಶಿಯಾಗುತ್ತವೆ. ತೆಗೆಯಲು ಹೋದವರು ಆ ಕುಟುಂಬದ ವೈರ ಕಟ್ಟಿಕೊಳ್ಳಬೇಕಾಗುತ್ತದೆ. ಮೊದಲ ದಿನವೇ ಹೇಳಿದ ನಿಯಮ ಯಾರನ್ನೂ ನೋಯಿಸುವುದಿಲ್ಲ. ಅನಂತರ ತಂದದ್ದು ಎಲ್ಲರನ್ನೂ ನೋಯಿಸುತ್ತದೆ.

ಸಿ.ಎಸ್.ಐ. ಸಭೆಗಳವರು ಇದನ್ನು ಯೋಚಿಸುವುದಾದರೆ ಒಂದು ವಿಷಯ ಗಮನದಲ್ಲಿರಲಿ. ಸ್ಥಿರಾಸ್ತಿ ಸಾಮಾನ್ಯವಾಗಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ ಸ್ಥಳೀಯ ಸಮಿತಿಯ ನಿರ್ಣಯವೊಂದೇ ಸಾಲದು. ಡಯೋಸಿಸ್‌ನ, ಎಂದರೆ ಬಿಷಪ್ ಅವರ ಆಡಳಿತ ಪ್ರಾಂತ್ಯದ, ಲಿಖಿತ ಒಪ್ಪಿಗೆ ಬೇಕು.

ಗಂಜಾಂ ಹಿರಿಯ

ಇಂಗ್ಲೆಂಡಿನ ತಮ್ಮನವರು ಬರೆದ ಒಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು: ಒಬ್ಬೊಬ್ಬರಿಗೂ ಪ್ರತ್ಯೇಕ ಕಲ್ಲಿಲ್ಲ ಎಂಬುದು. ದಕ್ಷಿಣ ಭಾರತದ ಕೆಲವು ಕಡೆ ಕ್ರೈಸ್ತರ ಸಮಾಧಿ ಭೂಮಿಯಲ್ಲಿಯೇ ಜಾತಿಯ ಗೋಡೆ ಎಬ್ಬಿಸಿದ ಸಂಗತಿ ನಮಗೆಲ್ಲರಿಗೂ ಗೊತ್ತು. ಗೋಡೆಯಿಲ್ಲದ ಕಡೆಗಳಲ್ಲೂ ಮುಂದಿನ ಸಾಲು ಯಾರದು, ಹಿಂದಿನ ಸಾಲು ಯಾರದು ಎಂಬ ಲೆಕ್ಕ ಮನಸ್ಸಿನೊಳಗೆ ನಡೆಯುತ್ತಲೇ ಇರುತ್ತದೆ. ತೋಟದಲ್ಲಿ ಸ್ಥಳವನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲದೆ, ತೀರಿಕೊಂಡ ಕ್ರಮದಲ್ಲಿಯೇ ಒಂದರ ಪಕ್ಕ ಒಂದು ಎಂದಾದರೆ, ದಾನ ಕೊಟ್ಟವರ ಹೆಸರು ದೊಡ್ಡ ಅಕ್ಷರದಲ್ಲಿ ಬರದಿದ್ದರೆ, ನನ್ನ ವಿರೋಧದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ. ಉಳಿದ ಅರ್ಧ ನನ್ನ ಹೃದಯದ್ದು. ನನ್ನನ್ನು ಮಾತ್ರ ಹೂಳಲಿ.

ಆದರೆ ದಾಖಲೆಯ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ನಮ್ಮ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನು, ಎಂದರೆ ಬ್ರಿಟಿಷ್ ಸೇನೆಯ ಕಾಲದ ಸ್ಮಶಾನವನ್ನು, ನೋಡಿ. ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರು, ಇಂಗ್ಲಿಷ್ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಎಲ್ಲರೂ ಅಲ್ಲಿದ್ದಾರೆ. ಅಷ್ಟು ಭಾರಿ ಕಟ್ಟಡಗಳನ್ನು ಕಟ್ಟಿದ್ದರೂ ದೀರ್ಘ ಕಾಲ ಪೊದೆ ಬೆಳೆದು, ಫಲಕಗಳು ಕಿತ್ತು, ಎಷ್ಟೋ ಗೋರಿಗಳು ಯಾರದೆಂದು ತಿಳಿಯದಂತಾಗಿದ್ದವು. ಕಲ್ಲಿನದೇ ಈ ಪಾಡಾದರೆ ಕಲ್ಲಿಲ್ಲದ ತೋಟದ ಗತಿಯೇನು?

ದಾಖಲೆ ನೋಡಿಕೊಳ್ಳುವವಳು

ಹಿರಿಯರ ಪ್ರಶ್ನೆಗೆ ಉತ್ತರಿಸುತ್ತೇನೆ. ಮೈಸೂರಿನ ಒಂದು ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ, ವಿವಾಹ, ಮರಣ ಪುಸ್ತಕಗಳನ್ನು ನಾನು ನೋಡಿಕೊಳ್ಳುತ್ತೇನೆ. ಮರಣ ಪುಸ್ತಕದಲ್ಲಿ ದಹನವಾದವರ ಸಾಲಿಗೆ ಬಂದಾಗ "ಸಮಾಧಿ ಸ್ಥಳ" ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ತೋಚುವುದಿಲ್ಲ. ಒಮ್ಮೊಮ್ಮೆ ಗೆರೆ ಎಳೆದಿರುತ್ತಾರೆ, ಒಮ್ಮೊಮ್ಮೆ ಖಾಲಿ ಬಿಟ್ಟಿರುತ್ತಾರೆ. ಮುಂದೆ ಓದುವವರಿಗೆ ಆ ವ್ಯಕ್ತಿ ಎಲ್ಲಿದ್ದಾರೆ ಎಂಬ ಸುಳಿವೇ ಸಿಗುವುದಿಲ್ಲ. ತೋಟವಾದರೆ ಆ ಅಂಕಣದಲ್ಲಿ ಸಾಲು ಸಂಖ್ಯೆ, ಗುಂಡಿ ಸಂಖ್ಯೆ ಬರೆಯಬಹುದು.

ತೋಟದ ನಕ್ಷೆಯ ಮೂಲ ಪ್ರತಿ ಧರ್ಮಕೇಂದ್ರದಲ್ಲಿರಲಿ, ನಕಲು ಧರ್ಮಾಧ್ಯಕ್ಷರ ಕಚೇರಿಯಲ್ಲಿರಲಿ. ನಾಲ್ಕು ಮೂಲೆಗಳಲ್ಲಿ ಕದಲದಂತಹ ಗುರುತುಕಲ್ಲು ನೆಟ್ಟರೆ, ಗಿಡ ಬದಲಾದರೂ ದಾರಿ ಬದಲಾದರೂ ಅಳತೆ ಹಿಡಿದು ಗುಂಡಿಯನ್ನು ಗುರುತಿಸಬಹುದು. ಮರಣ ನೋಂದಣಿ ಇಪ್ಪತ್ತೊಂದು ದಿನಗಳೊಳಗೆ ಆಗಬೇಕಾದ್ದರಿಂದ ಮನೆಯವರ ಬಳಿ ಚಿತಾಗಾರದ ರಸೀದಿ ಹೇಗೂ ಇರುತ್ತದೆ. ಅದರ ಪ್ರತಿಯನ್ನು ಪಡೆದು ಲಗತ್ತಿಸಿಕೊಂಡರೆ ತಂದ ಭಸ್ಮ ಯಾರದೆಂಬ ಬಗ್ಗೆ ಮುಂದೆ ಸಂದೇಹ ಬರುವುದಿಲ್ಲ. ಗೋಡೆಯ ಫಲಕಕ್ಕೆ ಚಾಮರಾಜನಗರದ ಕರಿಕಲ್ಲು ಸಾಕು. ಅಕ್ಷರಕ್ಕೆ ಬಣ್ಣ ತುಂಬಿಸಬೇಡಿ, ಆಳವಾಗಿ ಕೊರೆಸಿ. ಬಣ್ಣ ಬಿಸಿಲಿಗೆ ಹೋಗುತ್ತದೆ, ಕೊರೆದದ್ದನ್ನು ಬೆರಳಿನಿಂದಲಾದರೂ ಓದಬಹುದು.

ತೋಟಗಾರಿಕೆಯಲ್ಲಿ ನಿವೃತ್ತ

ಮೂಲೆಗೆ ಒಂದೊಂದು ಸೈಜುಗಲ್ಲನ್ನು ಎರಡು ಅಡಿ ಒಳಗೆ ಹೂತು ನಿಲ್ಲಿಸಿದರೆ ಸಾಕು. ನಕ್ಷೆ ಬರೆದುಕೊಡುವ ಕೆಲಸ ನನಗಿರಲಿ.

ನಜರ್‌ಬಾದ್ ಉಪದೇಶಿ

ಒಂದು ವಚನಭಾಗವನ್ನು ಹಿರಿಯರ ಅವಗಾಹನೆಗೆ ತರುತ್ತೇನೆ. ಸಮುವೇಲನ ಮೊದಲನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಫಿಲಿಷ್ಟಿಯರು ಅವಮಾನಿಸಿ ಗೋಡೆಗೆ ತೂಗುಹಾಕಿದ್ದ ಸೌಲ ಮತ್ತು ಅವನ ಮಕ್ಕಳ ದೇಹಗಳನ್ನು ಯಾಬೇಷ್ ಗಿಲ್ಯಾದಿನ ಶೂರರು ರಾತ್ರಿಯೆಲ್ಲಾ ನಡೆದು ಹೋಗಿ ತಂದು, ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಳಿ ಏಳು ದಿನ ಉಪವಾಸ ಮಾಡಿದರೆಂದು ಬರೆದಿದೆ. ಪವಿತ್ರ ಗ್ರಂಥವು ಅವರನ್ನು ಖಂಡಿಸುವುದಿಲ್ಲ. ಮುಂದಿನ ಗ್ರಂಥದಲ್ಲಿ ದಾವೀದನು ಅವರನ್ನು ಆಶೀರ್ವದಿಸುತ್ತಾನೆ. ಸಂಕಟದ ಸಮಯದಲ್ಲಿ ಸುಟ್ಟರೂ ಎಲುಬುಗಳನ್ನು ಅವರು ಚೆಲ್ಲಿಬಿಡಲಿಲ್ಲ, ಮಣ್ಣಿಗೆ ಒಪ್ಪಿಸಿದರು.

ಗಂಜಾಂ ಹಿರಿಯ

ಆ ಭಾಗವನ್ನು ಈಗ ಮತ್ತೆ ಓದಿದೆ. 2021ರ ಕುಡಿಕೆಗಳ ವಿಷಯಕ್ಕೂ ಅದು ಹೊಂದುತ್ತದೆ. ನನ್ನದೊಂದು ಷರತ್ತು: ತೋಟ ಆರಂಭವಾಗುವುದಾದರೆ ಮೊದಲ ಸಾಲು ಆ ಮನೆಗಳವರಿಗೇ ಸಲ್ಲಬೇಕು, ಅವರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ಆ ದಿನಗಳಲ್ಲಿ ಅವರಿಗೆ ಸರಿಯಾದ ಅಂತ್ಯಕ್ರಿಯೆಯ ಪೂಜೆಯೂ ದೊರೆಯಲಿಲ್ಲ. ಆದ್ದರಿಂದ ಭಸ್ಮವನ್ನು ನೇರವಾಗಿ ತೋಟಕ್ಕೆ ಒಯ್ಯದೆ ಮೊದಲು ಬಲಿಪೀಠದ ಮುಂದೆ ಇಟ್ಟು, ಹೆಸರು ಹೇಳಿ, ಪೂರ್ಣ ಪೂಜೆ ಸಲ್ಲಿಸಲಿ.

ಮಂಡ್ಯ ಧರ್ಮಕೇಂದ್ರದ ಸದಸ್ಯ

ಹಿರಿಯರೇ, ತಮ್ಮ ಷರತ್ತನ್ನು ಹಾಗೆಯೇ ಪ್ರಸ್ತಾವದಲ್ಲಿ ಸೇರಿಸುತ್ತೇನೆ. ಸ್ಥಳದ ಶುಲ್ಕವೆಂಬುದು ಯಾರಿಗೂ ಇರುವುದಿಲ್ಲ. ಹೆಸರು ಕೆತ್ತಿಸುವ ವೆಚ್ಚವನ್ನು ಮಾತ್ರ ಕೊಡಬಲ್ಲವರಿಂದ ಪಡೆದು, ಕೊಡಲಾಗದವರದನ್ನು ಸಮಾಧಿ ಭೂಮಿಯ ನಿಧಿಯಿಂದ ಭರಿಸುವುದೆಂದು ಬರೆದಿದ್ದೇನೆ. ಹೆಸರು, ಜನನ ಮತ್ತು ಮರಣದ ವರ್ಷ, ಇಷ್ಟೇ; ಬಿರುದು, ಹುದ್ದೆ, ಮನೆತನ ಬೇಡ. ಕೆ.ಆರ್. ನಗರದ ಅಕ್ಕನವರ ಪ್ರಶ್ನೆಯನ್ನು ಧರ್ಮಾಧ್ಯಕ್ಷರಿಗೆ ಬರೆಯುವ ಪತ್ರದಲ್ಲಿ ಪ್ರತ್ಯೇಕವಾಗಿ ಕೇಳುತ್ತೇನೆ. ನಗರಸಭೆಯಲ್ಲಿಯೂ ವಿಚಾರಿಸುವ ಕೆಲಸವಿದೆ: ಈಗಾಗಲೇ ಸಮಾಧಿ ಭೂಮಿಯೆಂದು ದಾಖಲಾದ ಜಾಗದೊಳಗೇ ಇದು ನಡೆಯುವುದಾದರೂ, ಬರವಣಿಗೆಯಲ್ಲಿ ಒಂದು ಉತ್ತರ ಕೈಯಲ್ಲಿದ್ದರೆ ಮುಂದೆ ಬರುವ ಸಮಿತಿಗಳಿಗೆ ತೊಂದರೆಯಾಗುವುದಿಲ್ಲ.

ಪರೀಕ್ಷಾ ಗುಂಡಿಯನ್ನು ಮಳೆ ಬಿಡುವಾದ ಕೂಡಲೇ ತೋಡಿಸುತ್ತೇನೆ. ಎರಡು ಅಡಿಯಲ್ಲಿ ನೀರು ಕಂಡರೆ ಮಣ್ಣು ತುಂಬಿಸುವ ಖರ್ಚನ್ನೂ ಸೇರಿಸಿ ಸಮಿತಿಯ ಮುಂದೆ ಇಡಬೇಕಾಗುತ್ತದೆ. ಹೀಗಾಗಿ ಆ ಫಲಿತಾಂಶ ಬರುವವರೆಗೆ ಪ್ರಸ್ತಾವವನ್ನು ಸಲ್ಲಿಸುವುದಿಲ್ಲ. ಮನೆಯಲ್ಲಿ ಕುಡಿಕೆ ಇಟ್ಟುಕೊಂಡಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ಇಲ್ಲಿ ಬಹಿರಂಗವಾಗಿ ಬರೆಯಬೇಕಾಗಿಲ್ಲ. ತಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ಚಿತಾಗಾರದ ರಸೀದಿಯನ್ನು ಹುಡುಕಿ ತೆಗೆದಿಟ್ಟುಕೊಳ್ಳಿ.